ನೆಂಟರಿಲ್ಲದ ಊರು

ಆಕ್ಲೆಂಡಿಗೆ ನಾನು ಐದು ಸಲ ಹೋಗಿದ್ದೇನೆ. ಆ ಊರಿನ ಎರಡು ಕಡೆಯೂ ಸಮುದ್ರವಂತೆ, ಮುಗಿಲು ಮುಟ್ಟುವ ಗೋಪುರವಂತೆ, ಆರಿಹೋದ ಬೆಂಕಿಗುಡ್ಡಗಳ ಮೇಲೆ ಕುರಿ ಮೇಯುತ್ತವಂತೆ. ಎಲ್ಲ ಅಂತೆಕಂತೆ. ನಾನು ಕಂಡ ಆಕ್ಲೆಂಡ್ ಎಂದರೆ ನನ್ನ ಚಿಕ್ಕಮ್ಮನ ಮಗಳು ಲುಟೆಯ ಅಡುಗೆಮನೆ. ಅದರ ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಕಾಣುತ್ತದೆ. ಆ ಗೋಡೆಯನ್ನು ಬೇಕಾದರೆ ಕಣ್ಣು ಮುಚ್ಚಿಕೊಂಡು ಬರೆದು ತೋರಿಸಬಲ್ಲೆ.

ನಮ್ಮ ಸಮೋವಾದವರು ಸುಮ್ಮನೆ ಊರು ನೋಡಲು ಹೊರಡುವವರಲ್ಲ. ಯಾರಾದರೂ ಸತ್ತಿರಬೇಕು, ಇಲ್ಲವೇ ಮದುವೆ ಇರಬೇಕು, ಇಲ್ಲವೇ ಮನೆತನದ ಯಜಮಾನಿಕೆಯನ್ನು ಯಾರಿಗಾದರೂ ಕಟ್ಟಬೇಕು. ಆಗ ಇಡೀ ಬಳಗ ಉಡುಗೊರೆಗೆಂದು ನೇಯ್ದ ಚಾಪೆಗಳನ್ನು ಸುತ್ತಿಕೊಂಡು ವಿಮಾನ ಹತ್ತುತ್ತದೆ. ಇಳಿದ ಮೇಲೆ ಹಿರಿಯರು ಕೂರುತ್ತಾರೆ, ಕಿರಿಯರು ಒಲೆ ಮುಂದೆ ನಿಲ್ಲುತ್ತಾರೆ. ನಾನು ಕಿರಿಯಳು. ವಯಸ್ಸು ಐವತ್ತೆಂಟು, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುತ್ತೇನೆ, ಆದರೂ ಕಿರಿಯಳೇ. ಮದುವೆಯಾಗಲಿಲ್ಲ, ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡೆ, ಊರಿನ ಹೆಂಗಸರಿಗೆಲ್ಲ ಬಟ್ಟೆ ಹೊಲಿದುಕೊಟ್ಟೆ. ಇನ್ನೂರು ಜನರ ಅಡುಗೆ ಅಂದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು: ಟಿಲೊಮಾಯಿ ಎಲ್ಲಿ, ಮಾಯೀನ ಕರೀರಿ.

ಅಮ್ಮ ಹೋದ ಮೇಲೆ ನನಗೊಂದು ಚಡಪಡಿಕೆ ಶುರುವಾಯಿತು. ಹೊಲಿಗೆ ಯಂತ್ರದ ಮುಂದೆ ಕೂತರೆ ಕಾಲು ತಾನಾಗಿ ನೆಲ ಒದೆಯುತ್ತಿತ್ತು. ಚರ್ಚಿನ ಹಬ್ಬಕ್ಕೆ ಹೊಲಿದು ಬಂದ ದುಡ್ಡನ್ನು ಎತ್ತಿಕೊಂಡು ಒಂದು ದಿನ ನಮ್ಮ ದ್ವೀಪದಿಂದ ದೋಣಿ ಹತ್ತಿ ಆಪಿಯಾ ಪೇಟೆಗೆ ಹೋದೆ. ವಿಮಾನದ ಟಿಕೆಟ್ ಮಾಡುವ ಹೆಂಗಸಿನ ಮುಂದೆ ಕೂತು, "ನಮ್ಮೋರು ಒಬ್ರೂ ಇಲ್ಲದ ಊರು ಯಾವುದಿದೆ?" ಎಂದು ಕೇಳಿದೆ.

ಅವಳು ನಕ್ಕುಬಿಟ್ಟಳು. "ಯಾಕಮ್ಮಾ, ಸಾಲ ಮಾಡಿ ತಲೆ ತಪ್ಪಿಸ್ಕೊಂಡು ಓಡ್ತಿದೀರಾ?"

"ಅಡುಗೆ ತಪ್ಪಿಸ್ಕೊಂಡು ಓಡ್ತಿದೀನಿ."

ಅವಳಿಗೆ ಅರ್ಥವಾಯಿತು. ಅವಳೂ ಯಾರಿಗೋ ಕಿರಿಯಳಿರಬೇಕು. ಸಿಡ್ನಿ ಎಂದೆ. "ಅಯ್ಯೋ, ಅಲ್ಲಿ ನಮ್ಮೂರಿಗಿಂತ ಜಾಸ್ತಿ ನಮ್ಮೋರಿದಾರೆ." ಮೆಲ್ಬರ್ನ್? "ನಮ್ಮತ್ತೆ ಅಲ್ಲೇ." ಹಿಮ ಬೀಳುವ ಅಲಾಸ್ಕಾ ಎಂದೆ. "ಅಲ್ಲೂ ನಮ್ಮ ಚರ್ಚು ಕಟ್ಟವ್ರೆ, ಗೊತ್ತಾ?" ಕೊನೆಗೆ ನಕ್ಷೆಯಲ್ಲಿ ಆಸ್ಟ್ರೇಲಿಯಾದ ಕೆಳಗೆ ಉದುರಿಬಿದ್ದಂತಿದ್ದ ಒಂದು ದ್ವೀಪದ ಮೇಲೆ ಬೆರಳಿಟ್ಟಳು. "ಹೋಬಾರ್ಟ್. ಇಷ್ಟು ವರ್ಷದಲ್ಲಿ ಈ ಊರಿಗೆ ನಮ್ಮೋರು ಯಾರ್ಗೂ ಟಿಕೆಟ್ ಮಾಡಿಲ್ಲ ನಾನು. ಚಳಿ ಇದೆ. ಊರ ಹಿಂದೇನೇ ಬೆಟ್ಟ, ಮೇಲೆ ಹಿಮ."

ಹಿಮ! ನಾನು ಹಿಮ ಮುಟ್ಟಿದವಳಲ್ಲ. ಕೈಯಲ್ಲಿ ಸೌಟಿಲ್ಲದೆ, ಯಾರ ಮಗಳು ಎಂದು ಯಾರೂ ಕೇಳದ ಜಾಗದಲ್ಲಿ, ಹಿಮದ ಮೇಲೆ ಸುಮ್ಮನೆ ನಿಲ್ಲಬೇಕು. ಅಷ್ಟೇ ನನ್ನ ಆಸೆ. ಅಕ್ಟೋಬರಿನಲ್ಲಿ ಒಂದು ವಾರಕ್ಕೆ ಟಿಕೆಟ್ ಮಾಡು ಎಂದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲವಲ್ಲ. ನಮ್ಮ ಮನೆತನದ ಯಜಮಾನ, ನನ್ನ ಅಣ್ಣ ಟನಿಯೆಲು ಕೇಳಿದವನೇ ಹುಬ್ಬು ಗಂಟಿಕ್ಕಿದ. "ಒಬ್ಳೇನಾ? ನೋಡಿದವರು ಏನಂತಾರೆ? ಇವಳಿಗೆ ಹಿಂದೆಮುಂದೆ ಯಾರೂ ಇಲ್ಲ ಅನ್ನಲ್ವಾ? ಅಕ್ಕನ್ನ ಕರ್ಕೊಂಡು ಹೋಗು."

ಅಕ್ಕ ಅಸೆನಾಟಿ ಪಾದ್ರಿಯ ಹೆಂಡತಿ. ನಮ್ಮಲ್ಲಿ ಪಾದ್ರಿಯ ಹೆಂಡತಿ ಲೋಟ ಎತ್ತಿ ನೀರು ಕುಡಿದರೆ ಊರೇ ನಾಚಿಕೊಳ್ಳುತ್ತದೆ. ನಲವತ್ತು ವರ್ಷದಿಂದ ಅವಳ ಮುಂದೆ ತಟ್ಟೆ ಬಂದು ಕೂರುತ್ತದೆ, ಖಾಲಿಯಾಗಿ ಎದ್ದು ಹೋಗುತ್ತದೆ. ಅಂಥವಳನ್ನು ಕಟ್ಟಿಕೊಂಡು ನಾನು ಭೂಮಿಯ ತುದಿಗೆ ಹೊರಟೆ.

ದೋಣಿಯಲ್ಲೇ ರಾಗ ಶುರು. "ಬಿಳಿ ಭಾನುವಾರದ ದಿನ ಊರಲ್ಲಿ ಇರಲ್ವಲ್ಲೇ, ಪಾಪಿ. ಯಾವ ಮುಖ ಇಟ್ಕೊಂಡು ವಾಪಸ್ ಬರ್ಲಿ?"

ಬಿಳಿ ಭಾನುವಾರ ಮಕ್ಕಳ ಹಬ್ಬ. ಊರಿಗೆ ಊರೇ ಬಿಳಿ ಬಟ್ಟೆ ಉಟ್ಟು ಚರ್ಚಿಗೆ ಹೋಗುತ್ತದೆ. ಅವತ್ತು ಒಂದು ದಿನ ಮಾತ್ರ ಎಲ್ಲ ತಲೆಕೆಳಗು. ಮಕ್ಕಳು ಮೊದಲು ಉಣ್ಣುತ್ತಾರೆ, ಹಿರಿಯರು ಬಡಿಸುತ್ತಾರೆ, ಮಕ್ಕಳದು ಮುಗಿಯುವವರೆಗೆ ಯಜಮಾನನೂ ಕಾಯಬೇಕು. ನನಗೂ ಚಿಕ್ಕಂದಿನಲ್ಲಿ ಅದೊಂದೇ ದಿನ ಕೋಳಿಯ ಕಾಲು ಸಿಗುತ್ತಿದ್ದದ್ದು.

"ನಾವೇನು ಮಕ್ಕಳಾ ಅಕ್ಕಾ? ಅವರ ಹಬ್ಬ ಅವರು ಮಾಡ್ಕೋತಾರೆ ಬಿಡು," ಎಂದೆ.

ಹೋಬಾರ್ಟಿಗೆ ಆಕ್ಲೆಂಡಿನಲ್ಲೇ ವಿಮಾನ ಬದಲಿಸಬೇಕು. ಅದೇ ನನ್ನ ಭಯ. ಆ ನಿಲ್ದಾಣದಲ್ಲಿ ಕಸ ಗುಡಿಸುವವರು, ಪೆಟ್ಟಿಗೆ ಎತ್ತುವವರು, ಗಾಲಿಕುರ್ಚಿ ತಳ್ಳುವವರು ಅರ್ಧ ನಮ್ಮವರೇ. ಒಂದು ಕಂಬದ ಹಿಂದೆ ಅಕ್ಕನನ್ನು ಕೂರಿಸಿ, "ಬಾಯಿ ಬಿಡಬೇಡ, ತಲೆ ಎತ್ತಬೇಡ," ಎಂದೆ. ಅವಳು ತಲೆ ಎತ್ತಲಿಲ್ಲ. ಬದಲಿಗೆ ಹಾಡಿಕೊಂಡಳು. ಅವಳದು ಚರ್ಚಿನ ಹಾಡು, ಗಂಟಲು ಪಾದ್ರಿಯ ಹೆಂಡತಿಯದು. ಎರಡು ಸಾಲು ಮುಗಿಯುವಷ್ಟರಲ್ಲಿ ಖಾಲಿ ಗಾಲಿಕುರ್ಚಿ ತಳ್ಳಿಕೊಂಡು ಲುಟೆ ಪ್ರತ್ಯಕ್ಷಳಾದಳು.

"ಅಯ್ಯಯ್ಯೋ! ಅಸೆನಾಟಿ ಅಕ್ಕಾ! ಮಾಯೀ! ಹೇಳದೆ ಕೇಳದೆ ಬಂದಿದೀರಾ? ನಡೀರಿ ಮನೆಗೆ."

"ಇಲ್ಲ ಕಣೇ, ಮುಂದಿನ ವಿಮಾನಕ್ಕೆ ಹೋಬಾರ್ಟಿಗೆ ಹೋಗ್ಬೇಕು," ಎಂದೆ.

ಲುಟೆ ಎದೆ ಮೇಲೆ ಕೈ ಇಟ್ಟುಕೊಂಡಳು. "ಅಲ್ಲಿ ಯಾರು ಹೋದ್ರು?"

"ಯಾರೂ ಹೋಗಿಲ್ಲ."

"ಮದ್ವೆನಾ?"

"ಅಲ್ಲ."

"ಮತ್ತ್ಯಾಕೆ?"

"ನೋಡೋಕೆ."

"ಏನ್ ನೋಡೋಕೆ?"

ಲುಟೆ ನನಗೆ ಹುಷಾರಿಲ್ಲವೇನೋ ಎಂಬಂತೆ ಹಣೆ ಮುಟ್ಟಿ ನೋಡಿದಳು. ಹೋಗುವ ಮುಂಚೆ, "ನಮ್ಮನೇಲಿ ಯೋಸುವಾ ಮಾವಂಗೆ ಮೈ ಸರಿಯಿಲ್ಲ. ವಾಪಸ್ ಬರೋವಾಗಾದ್ರೂ ಇಳೀರಿ. ನಿನ್ನ ಕೈಯಡುಗೆ ಕೇಳ್ತಿರ್ತಾರೆ," ಎಂದಳು. ವಿಮಾನ ಮೇಲೇರುವವರೆಗೂ ನಾನು ಬಾಗಿಲ ಕಡೆ ನೋಡುತ್ತಲೇ ಇದ್ದೆ, ಯಾರಾದರೂ ಬಂದು ಇಳಿಸಿಬಿಟ್ಟಾರು ಎಂದು.

ಹೋಬಾರ್ಟಿನಲ್ಲಿ ನಮ್ಮನ್ನು ಯಾರೂ ಎದುರುಗೊಳ್ಳಲಿಲ್ಲ. ಹೂವಿನ ಹಾರವಿಲ್ಲ, ಅಳುವಿಲ್ಲ, ಒಂದು ಕಾರಿನಲ್ಲಿ ಹತ್ತು ಜನ ತುಂಬಿಕೊಳ್ಳುವ ಗದ್ದಲವಿಲ್ಲ. ಬಸ್ಸಿನವನು ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಬಂದರಿನ ಎದುರಿಗಿದ್ದ ಸಣ್ಣ ವಸತಿಗೃಹದಲ್ಲಿ ಎರಡು ಮಂಚದ ಕೋಣೆ. ಕಿಟಕಿ ತೆರೆದರೆ ಬೆಟ್ಟ ಇರಬೇಕಾದ ಕಡೆ ಬರೀ ಮೋಡ. ಕೆಳಗಿನ ಹುಡುಗಿಯನ್ನು ಕೇಳಿದೆ. ಮೇಲೆ ಹಿಮ ಬಿದ್ದಿದೆ, ಅದಕ್ಕೇ ರಸ್ತೆ ಮುಚ್ಚಿದೆ ಎಂದಳು. ಹಿಮ ಇಲ್ಲದಿದ್ದರೆ ರಸ್ತೆ ತೆರೆದಿರುತ್ತದಂತೆ. ಇದೆಂಥ ನ್ಯಾಯ!

ಬಂದ ಮೇಲೆ ನೆಮ್ಮದಿಯಾಯಿತೇ ಎಂದರೆ ಅದೂ ಇಲ್ಲ. ಬೆಳಕು ಹರಿಯುವ ಮೊದಲೇ ಎಚ್ಚರ. ಹಾಸಿಗೆ ಸರಿಮಾಡಲು ಹೆಂಗಸು ಬರುವ ಮುಂಚೆ ನಾನೇ ಮಡಿಸಿಟ್ಟುಬಿಡುತ್ತಿದ್ದೆ. ಬೆಟ್ಟ ಕಂಡಿತೇ ಎಂದು ಕಿಟಕಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಹೊರಗೆ ಹೋದರೆ ಬಂದರಿನ ಉದ್ದಕ್ಕೂ ನಡೆದು ತಿರುಗಿ ಅದೇ ದಾರಿಯಲ್ಲಿ ನಡೆಯುವುದು. ಮೈಮೇಲೆ ಇರುವೆ ಬಿಟ್ಟುಕೊಂಡವಳ ಹಾಗೆ ಆಡುತ್ತೀ ಎಂದು ಅಕ್ಕ ಬೈದಳು. ಅವಳು ಮಾತ್ರ ಮಂಚದ ಮೇಲೆ ಎರಡು ಕಂಬಳಿ ಹೊದ್ದು ಕೂತು, "ಮಾಯೀ, ಟೀ," ಎನ್ನುತ್ತಿದ್ದಳು. ನಾನು ಎದ್ದು ಟೀ ಮಾಡುತ್ತಿದ್ದೆ. ಸಮುದ್ರ ದಾಟಿ ಬಂದರೂ ಟೀ ಮಾಡುವುದು ತಪ್ಪಲಿಲ್ಲ. ಆ ಲೋಟವನ್ನು ಅವಳ ಮುಂದೆ ಇಡುವಾಗ ಒಮ್ಮೊಮ್ಮೆ ಸ್ವಲ್ಪ ಕುಟ್ಟಿಯೇ ಇಡುತ್ತಿದ್ದೆ.

ಅವಳ ಬಾಯಲ್ಲಿ ಮೂರು ಹೊತ್ತೂ ಆಕ್ಲೆಂಡ್ ಪಾರಾಯಣ. "ಅಲ್ಲಿ ಸಂತೆಗೆ ಹೋದ್ರೆ ಕೆಸುವಿನ ಗೆಡ್ಡೆ ಗುಡ್ಡೆ ಹಾಕಿರ್ತಾರೆ. ಇಲ್ಲಿ ಏನಿದೆ? ಆಲೂಗೆಡ್ಡೆ. ಅಲ್ಲಿ ರಸ್ತೇಲಿ ಹೋದ್ರೆ ನಾಲ್ಕು ಜನ ಕೈ ಹಿಡ್ಕೊಂಡು ಮಾತಾಡಿಸ್ತಾರೆ. ಇಲ್ಲಿ ನಾಯಿ ಕೂಡ ಮೂಸಲ್ಲ."

"ಮಾತಾಡಿಸೋರು ನಿನ್ನನ್ನ ಅಕ್ಕಾ. ನನಗೆ ಕೈಗೆ ಚಾಕು ಕೊಡ್ತಾರೆ."

"ನಾಲ್ಕು ಜನಕ್ಕೆ ಬೇಕಾದವಳು ಅಂತ ಕೊಡ್ತಾರೆ. ಬೇಡದೋಳಿಗೆ ಯಾರು ಕೊಡ್ತಾರೆ?"

"ಅಷ್ಟು ಬೇಕಾದವಳಾದ್ರೆ ಒಂದು ಸಲ ಸಮುದ್ರ ತೋರಿಸಬಹುದಿತ್ತಲ್ಲ?"

ಅಕ್ಕ ಕಂಬಳಿ ಎಳೆದುಕೊಂಡು ಆ ಕಡೆ ತಿರುಗಿದಳು.

ಭಾನುವಾರ ಬಂತು. ಅಕ್ಕ ಬಿಳಿ ಬಟ್ಟೆ ಉಟ್ಟು, ಬಿಳಿ ಟೋಪಿ ಇಟ್ಟು, ಬೈಬಲ್ ಹಿಡಿದು ತಯಾರಾದಳು. ನನಗೂ ಉಡಿಸಿದಳು. ಯಾವುದಾದರೂ ಚರ್ಚು ಸಿಕ್ಕೇ ಸಿಗುತ್ತದೆ ಎಂದು ಏರುದಾರಿಯಲ್ಲಿ ನನ್ನನ್ನು ಎಳೆದುಕೊಂಡು ನಡೆದಳು. ಒಂದು ತಿರುವು ದಾಟಿದ್ದೇ ತಡ, ಅವಳ ಮುಖ ಅರಳಿತು. "ನೋಡೇ! ನೋಡೇ! ನಮ್ಮ ಹಬ್ಬ ಇಲ್ಲೂ ಮಾಡ್ತಾರೆ!"

ಬೇಲಿಯಾಚೆ ಹಸಿರು ಹುಲ್ಲುಹಾಸು. ಅದರ ಸುತ್ತ ಮೂವತ್ತು ನಲವತ್ತು ಮುದುಕ ಮುದುಕಿಯರು, ಎಲ್ಲರೂ ಅಡಿಯಿಂದ ಮುಡಿವರೆಗೆ ಬಿಳಿ ಬಟ್ಟೆ, ಹೆಂಗಸರ ತಲೆ ಮೇಲೆ ಬಿಳಿ ಟೋಪಿ. ಮಕ್ಕಳು ಮಾತ್ರ ಒಬ್ಬರೂ ಇಲ್ಲ. ಅಕ್ಕನಿಗೆ ಅದರ ಕಡೆ ಗಮನವೇ ಇಲ್ಲ. ಕೂತವರ ಮುಂದೆ ಹಾದುಹೋಗುವಾಗ ನಾವು ಸೊಂಟ ಬಗ್ಗಿಸಿ "ಟುಲೌ, ಟುಲೌ" ಎಂದು ಕ್ಷಮೆ ಕೇಳಿಕೊಂಡು ನಡೆಯುತ್ತೇವೆ. ಅವಳು ಹಾಗೇ ಬಗ್ಗಿಕೊಂಡು ಒಳಗೆ ನಡೆದಳು, ಅವಳ ಹಿಂದೆ ನಾನೂ. ಜನ ಕಾಲು ಮಡಿಚಿಕೊಂಡು ದಾರಿ ಬಿಟ್ಟರು. ಪಾದ್ರಿಯ ಹೆಂಡತಿ ತಾನೆ, ಸೀದಾ ಮುಂದಿನ ಬೆಂಚಿಗೇ ಹೋಗಿ ಕೂತಳು.

ಒಬ್ಬ ಮುದುಕ ಎದ್ದು ನಿಂತು ಏನೋ ಹೇಳತೊಡಗಿದ. ಅಕ್ಕ ತಲೆ ತಗ್ಗಿಸಿ ಕಣ್ಣು ಮುಚ್ಚಿದಳು. ಅವನು ಮುಗಿಸಿದಾಗ ಎಲ್ಲರಿಗೂ ಕೇಳುವಂತೆ ಜೋರಾಗಿ "ಆಮೆನ್" ಎಂದಳು. ಮುದುಕ ಒಂದು ಗಳಿಗೆ ತಬ್ಬಿಬ್ಬಾಗಿ, ಬಗ್ಗಿ ಒಂದು ಪುಟ್ಟ ಬಿಳಿ ಚೆಂಡನ್ನು ಹುಲ್ಲಿನ ಮೇಲೆ ಉರುಳಿಸಿದ. ಅದರ ಹಿಂದೆ ಇನ್ನೊಬ್ಬಾಕೆ ಒಂದು ಕರೀ ಚೆಂಡು ಉರುಳಿಸಿದಳು. ಜನ ಚಪ್ಪಾಳೆ ತಟ್ಟಿದರು.

ಅಕ್ಕ ಒಂದು ಕಣ್ಣು ತೆರೆದಳು. "ಮಾಯೀ, ಇದ್ಯಾವ ಪಂಗಡನೇ?"

"ಅಕ್ಕಾ, ಇದು ಆಟ."

"ಭಾನುವಾರನಾ?"

"ಹೂಂ."

"ದೇವರೇ!" ಎಂದು ಅವಳು ಬೈಬಲ್ಲನ್ನು ಸೆರಗಿನೊಳಗೆ ಬಚ್ಚಿಡುವವಳ ಹಾಗೆ ಬಟ್ಟೆಯೊಳಗೆ ತುರುಕಿಕೊಂಡಳು. ನನಗೆ ನಗು ಒತ್ತರಿಸಿ ಬಂತು. ಎಷ್ಟೋ ವರ್ಷವಾಗಿತ್ತು ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕು. ಕೊನೆಗೆ ಅವಳೂ ನಕ್ಕಳು. ಬೆಂಚು ಅಲ್ಲಾಡಿತು.

ಎದ್ದು ಹೋಗೋಣ ಎನ್ನುವಷ್ಟರಲ್ಲಿ ನೋರೀನ್ ಎಂಬ ಮುದುಕಿ ಒಂದು ಲೋಟ ಟೀ ಹಿಡಿದು ಬಂದಳು. ಎಂಬತ್ತು ದಾಟಿರಬೇಕು. ನಾನು ಬೆಂಚಿನ ಈ ತುದಿಯಲ್ಲಿದ್ದೆ, ಅದಕ್ಕೆ ಲೋಟವನ್ನು ನನಗೇ ಕೊಟ್ಟಳು. ನಾನು ರೂಢಿಯಂತೆ ಅದನ್ನು ಅಕ್ಕನ ಕಡೆ ದಾಟಿಸಿದೆ. ನೋರೀನ್ ತಡೆದಳು. "ಇದು ನಿಮ್ದಮ್ಮಾ. ಅವರದ್ದು ಬರ್ತಾ ಇದೆ. ನೀವು ಬಿಸಿಬಿಸಿ ಕುಡೀರಿ."

ನಾನು ಲೋಟ ಹಿಡಿದುಕೊಂಡು ಕಲ್ಲಿನಂತೆ ಕೂತೆ. ಅಕ್ಕನಿಗಿಂತ ಮೊದಲು ನಾನು ಏನನ್ನೂ ಕುಡಿದವಳಲ್ಲ. ಅಕ್ಕ ಲೋಟ ನೋಡಿದಳು, ನನ್ನನ್ನು ನೋಡಿದಳು. ಆಗಲೇ ಅವಳ ಚೀಲದೊಳಗೆ ಫೋನು ಬಡಿದುಕೊಂಡಿತು.

ಅಣ್ಣ ಟನಿಯೆಲು. ಅವನ ದನಿ ಮೂರು ಬೆಂಚಿನಾಚೆಗೂ ಕೇಳುತ್ತದೆ. "ಅಕ್ಕಾ, ಯೋಸುವಾ ಮಾವ ಹೋಗ್ಬಿಟ್ರು. ಬೆಳಿಗ್ಗೆ. ಎಲ್ಲಾ ಲುಟೆ ಮನೇಲೇ. ನಾವು ಬುಧವಾರ ಹೊರಡ್ತೀವಿ. ಮಾಯೀನ ನಾಳೇನೇ ಅಲ್ಲಿಗೆ ಕಳಿಸ್ಬಿಡು. ಅಡುಗೆಮನೆ ನೋಡ್ಕೊಳ್ಳೋರು ಯಾರೂ ಇಲ್ಲ."

ಮಾಯೀ ಬಾ ಎನ್ನಲಿಲ್ಲ. ಮಾಯೀನ ಕಳಿಸು. ಅಕ್ಕ, "ನೋಡ್ತೀನಿ," ಎಂದು ಫೋನು ಇಟ್ಟಳು.

"ಸಾಯೋಕೆ ಈ ವಾರನೇ ಬೇಕಿತ್ತಾ ಆ ಮುದುಕಂಗೆ?" ಎಂದುಬಿಟ್ಟೆ. ಜೋರಾಗಿಯೇ ಅಂದೆ. ಅಂದ ಮೇಲೆ ಅಳು ಬಂತು. ಯಾಕೆಂದರೆ ಯೋಸುವಾ ಮಾವ ಒಬ್ಬನೇ, ಆ ಐದು ಸಲವೂ, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದು ನನ್ನ ಹತ್ತಿರ ಸ್ಟೂಲಿನ ಮೇಲೆ ಕೂತವನು. ಪಾತ್ರೆಯಿಂದ ಮಾಂಸದ ತುಂಡು ಕದ್ದು ಬಾಯಿಗೆ ಹಾಕಿಕೊಂಡು, "ಮುಂದಿನ ಸಲ ಬಾ ಮಗಳೇ, ಎಲ್ಲಾ ಬಿಟ್ಟು ನಿನಗೆ ಬೆಂಕಿಗುಡ್ಡ ತೋರಿಸ್ತೀನಿ," ಎನ್ನುತ್ತಿದ್ದ. ಪ್ರತಿ ಸಲವೂ ಮುಂದಿನ ಸಲ. ಈಗ ಅವನ ತಿಥಿಗೂ ನಾನು ಅದೇ ಗೋಡೆ ನೋಡಿಕೊಂಡು ಈರುಳ್ಳಿ ಹೆಚ್ಚಬೇಕು. ನೋರೀನ್ ಏನೊಂದೂ ಕೇಳದೆ ಕರವಸ್ತ್ರ ಕೊಟ್ಟು ಹೋದಳು.

ಕೋಣೆಗೆ ಬಂದವಳೇ ಪೆಟ್ಟಿಗೆ ಎಳೆದು ಬಟ್ಟೆ ತುಂಬತೊಡಗಿದೆ. ಬೈದುಕೊಳ್ಳುತ್ತಲೇ ತುಂಬಿದೆ. ಹೋಗುವುದಿಲ್ಲ ಎನ್ನುವ ಯೋಚನೆ ನನಗೆ ಬರಲೂ ಇಲ್ಲ. ಮನೆಯಲ್ಲಿ ಸಾವಾದರೆ ಹೋಗಬೇಕು, ಅಷ್ಟೇ. ಕಿಟಕಿಯಾಚೆ ಮೋಡ ಸರಿದು ಬೆಟ್ಟದ ನೆತ್ತಿ ಮೊದಲ ಸಲ ಕಂಡಿತು, ಬೆಳ್ಳಗೆ. ನೋಡಿದರೆ ಹೊಟ್ಟೆ ಉರಿಯುತ್ತದೆಂದು ಪರದೆ ಎಳೆದುಬಿಟ್ಟೆ.

ಹಿಂದೆ ಏನೋ ಸದ್ದು. ತಿರುಗಿ ನೋಡಿದರೆ ಅಕ್ಕ ಕಂಬಳಿ ಬಿಟ್ಟು ಎದ್ದು, ನೀರು ಕಾಯಿಸುವ ಪಾತ್ರೆಯನ್ನು ಹಿಂದೆಮುಂದೆ ತಿರುಗಿಸುತ್ತ ನಿಂತಿದ್ದಾಳೆ. "ಇದರ ಗುಂಡಿ ಎಲ್ಲಿದೆಯೇ?"

"ಬಿಡು ಅಕ್ಕಾ, ನಾನು ಮಾಡ್ತೀನಿ."

"ಗುಂಡಿ ಎಲ್ಲಿ ಅಂತ ಕೇಳಿದೆ."

ತೋರಿಸಿದೆ. ಅವಳು ಟೀ ಮಾಡಿದಳು. ಸಕ್ಕರೆ ಹಾಕಲು ಮರೆತಿದ್ದಳು, ಅರ್ಧ ತಟ್ಟೆಗೆ ಚೆಲ್ಲಿತ್ತು. ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ನಿಂತಳು.

"ಇವತ್ತು ಯಾವ ಭಾನುವಾರ?"

"ಬಿಳಿ ಭಾನುವಾರ."

"ನಮ್ಮಮ್ಮನ ಮಕ್ಕಳಲ್ಲಿ ಚಿಕ್ಕವಳು ಯಾರು?"

"ನಾನು."

"ಹಂಗಾದ್ರೆ ಕುಡಿ. ನಾಳೆ ನಾನು ಹೋಗ್ತೀನಿ. ನೀನು ಇರು."

"ನಿನಗೆ ಗೆಡ್ಡೆ ಬೇಯಿಸೋಕೂ ಬರಲ್ಲ ಅಕ್ಕಾ!"

"ಬೆಂಕಿ ಹಚ್ಚಿದ್ರೆ ತಾನಾಗೇ ಬೇಯುತ್ತೆ."

"ಪಾದ್ರಿ ಹೆಂಡತಿ ಒಲೆ ಮುಂದೆ ನಿಂತ್ರೆ ಜನ ಏನಂತಾರೆ? ಟನಿಯೆಲು ಅಣ್ಣ ಏನಂತಾನೆ?"

"ಅವನಿಗೆ ಅಂಡು ತೊಳೆದು ಬೆಳೆಸಿದೋಳು ನಾನು. ಅವನೇನಂತಾನೆ? ಟೀ ಆರುತ್ತೆ, ಕುಡಿಯೇ."

ಕುಡಿದೆ. ಕಷಾಯದ ಹಾಗಿತ್ತು. ಮರುದಿನ ಅವಳನ್ನು ವಿಮಾನ ಹತ್ತಿಸಿ, ಒಬ್ಬಳೇ ಬಸ್ಸಿನಲ್ಲಿ ವಾಪಸ್ ಬಂದೆ. ಪಕ್ಕದ ಸೀಟು ಖಾಲಿಯಿತ್ತು. ಅಂದು ಹಗಲೆಲ್ಲ ಇನ್ನೂ ಹೆಚ್ಚು ಚಡಪಡಿಸಿದೆ. ಎರಡು ಸಲ ಪೆಟ್ಟಿಗೆ ತುಂಬಿದೆ, ಎರಡು ಸಲ ತೆಗೆದಿಟ್ಟೆ.

ಮಂಗಳವಾರ ರಸ್ತೆ ತೆರೆಯಿತು. ಮೇಲಕ್ಕೆ ಹೋಗುವ ಸಣ್ಣ ಬಸ್ಸಿನಲ್ಲಿ ನಾನಲ್ಲದೆ ಆರೇಳು ಜನ, ಯಾರಿಗೂ ಯಾರ ಗುರುತೂ ಇಲ್ಲ. ಇಳಿದ ತಕ್ಷಣ ಗಾಳಿ ಕೆನ್ನೆಗೆ ಹೊಡೆಯಿತು. ಕಾಲಿಟ್ಟರೆ ಹಿಮ ಕರಕ್ ಎನ್ನುತ್ತಿತ್ತು. ಬಗ್ಗಿ ಒಂದು ಹಿಡಿ ತೆಗೆದುಕೊಂಡೆ. ಕೆಳಗೆ ಅಷ್ಟು ದೂರದಲ್ಲಿ ಊರು, ಬಂದರು, ನೀರು. ನನ್ನಿಂದ ಯಾರಿಗೂ ಏನೂ ಬೇಕಿರಲಿಲ್ಲ.

ಫೋನು ಬಡಿದುಕೊಂಡಿತು. ಅಕ್ಕ. ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಕಿರುಚಾಟ, ಯಾರೋ ಹಾಡುತ್ತಿದ್ದರು.

"ಮಾಯೀ, ದೊಡ್ಡ ಹಂಡೆ ಮುಚ್ಚಳ ಎಲ್ಲಿದೆಯೇ? ಲುಟೆಗೇ ಗೊತ್ತಿಲ್ಲ."

"ಒಲೆ ಪಕ್ಕ, ಕೆಳಗಿನ ಬೀರು, ಹಿಂದುಗಡೆ. ಉಪ್ಪು ಕೊನೇಲಿ ಹಾಕು. ಕಾಯಿಹಾಲು ಒಡೆಯುತ್ತೆ, ಬಿಡದೆ ತಿರುಗಿಸ್ತಿರು."

"ಸರಿ ಸರಿ. ಕೈ ಸುಟ್ಕೊಂಡೆ." ಅವಳು ಬೆರಳಿಗೆ ಉಫ್ ಎಂದು ಊದಿಕೊಳ್ಳುವುದು ಕೇಳಿಸಿತು. "ಈ ಕಿಟಕೀಲಿ ಏನೇ ಇದು, ಬರೀ ಗೋಡೆ! ಇಷ್ಟು ಸಲ ಇದನ್ನೇ ನೋಡ್ಕೊಂಡು ನಿಂತಿದ್ಯಾ?"

"ಹೂಂ."

ನನ್ನ ಕೈಯ ಹಿಮ ಕರಗಿ ತೋಳಿನೊಳಗೆ ಇಳಿಯುತ್ತಿತ್ತು.

"ಬಂದೋರೆಲ್ಲಾ ಕೇಳ್ತಿದಾರೆ, ಮಾಯಿ ಎಲ್ಲಿ, ಮಾಯಿ ಎಲ್ಲಿ ಅಂತ."

"ಏನಂದೆ ಅಕ್ಕಾ?"

"ಊಟಕ್ಕೆ ಕೂತಿದಾಳೆ ಅಂದೆ. ಅವಳದ್ದು ಮುಗೀಲಿ, ಆಮೇಲೆ ನಮ್ಮದು ಅಂದೆ."